ಅಜ್ಜ ಮನೆಯಲ್ಲಿ ಸಿಗದಿದ್ದರೆ ಊರಲ್ಲಿ ಹುಡುಕಿ

ಹೋದ ತಿಂಗಳು ಈ ಪುಟದಲ್ಲಿ ಒಂದು ಮಾತು ಕೇಳಿದ್ದೆ. ಹಳ್ಳಿಯಲ್ಲಿ ಬದುಕಿ ಹೋದ ನಿಮ್ಮ ಅಜ್ಜನ ಬಗ್ಗೆ ಬರೆದಿಡಬೇಕು ಅಂತ ಯಾವತ್ತಾದರೂ ಅನಿಸಿದೆಯಾ, ಅನಿಸಿದ್ದರೆ ಎಲ್ಲಿ ಕೈ ನಿಂತಿದೆ, ತಿಳಿಸಿ ಅಂತ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ಏಳು ಪತ್ರ ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾವ್ರೇ, ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ನಮ್ಮೂರು ರೋಣ ತಾಲ್ಲೂಕಿನಲ್ಲಿದೆ. ಅಜ್ಜ ಹೋದ ಶ್ರಾವಣದಲ್ಲಿ ತೀರಿಕೊಂಡರು. ವರ್ಷದ ಕಾರ್ಯಕ್ಕೆ ಒಂದು ಸಣ್ಣ ಪುಸ್ತಕ ಮಾಡಿ ಬೀಗರಿಗೆಲ್ಲ ಹಂಚೋಣ ಅಂತ ಮನೆಯವರು ಆ ಕೆಲಸ ನನಗೆ ಒಪ್ಪಿಸಿದ್ದಾರೆ. "ನಮ್ಮಜ್ಜ ಸರಳ ಜೀವಿ, ಕಷ್ಟಜೀವಿ, ದೇವರಂಥ ಮನುಷ್ಯ" ಅಂತ ಒಂದು ಪುಟ ಬರೆದೆ. ಮುಂದೆ ಒಂದು ಸಾಲೂ ಬರುತ್ತಿಲ್ಲ. ಅಪ್ಪನನ್ನು ಕೇಳಿದರೆ ಅವರೂ ಅದನ್ನೇ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನೋಡಿ ತಮ್ಮಾ, ನೀವು ಬರೆದದ್ದು ಸುಳ್ಳಲ್ಲ. ಆದರೆ ಆ ಪುಟದಲ್ಲಿ ನಿಮ್ಮಜ್ಜನ ಹೆಸರು ಅಳಿಸಿ ನಮ್ಮಜ್ಜನ ಹೆಸರು ಹಾಕಿದರೂ ನಡೆಯುತ್ತದೆ, ಅಲ್ವಾ? ಕೈ ನಿಂತಿರೋದು ಅಲ್ಲೇ.

ನನಗೆ ಗೊತ್ತಿರುವ ದಾರಿ ಒಂದೇ. ಮನೆಯಿಂದ ಎದ್ದು ಊರೊಳಗೆ ಹೋಗಿ ಕೇಳಬೇಕು. ಒಕ್ಕಲುತನ ಮಾಡಿದವರ ಬದುಕು ಮನೆಯವರಿಗೆ ಗೊತ್ತಿರೋದು ಕಡಿಮೆ. ಅಜ್ಜ ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಡುವಿನ ಹೊತ್ತು ಅವರನ್ನು ನೋಡಿದವರು ಯಾರು? ಬದುವಿನ ಆಚೆ ಹೊಲದವರು, ಕೆಲಸಕ್ಕೆ ಪ್ರತಿ ಕೆಲಸ ಮಾಡಿಕೊಡೋದಕ್ಕೆ ಮುಯ್ಯಾಳಾಗಿ ಬಂದವರು, ಬಿತ್ತುವ ಕೂರಿಗೆ ಕಟ್ಟಿಕೊಟ್ಟ ಬಡಿಗರು, ನೇಗಿಲ ಕುಡ ಹದ ಮಾಡಿಕೊಟ್ಟ ಕಂಬಾರರು, ರಾತ್ರಿ ಭಜನಿಯಲ್ಲಿ ಪಕ್ಕ ಕೂತು ತಾಳ ಹಾಕಿದವರು. ಅವರಲ್ಲಿ ಒಂದಿಬ್ಬರಾದರೂ ಇನ್ನೂ ಇದ್ದಾರೆ. ಇಲ್ಲದಿದ್ದರೆ ಅವರ ಮಕ್ಕಳು ಇದ್ದಾರೆ.

ಹೋದಾಗ "ನಮ್ಮಜ್ಜ ಹೇಗಿದ್ದರು?" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಅವರೂ "ದೇವರಂಥ ಮನುಷ್ಯ ಬಿಡ್ರಿ" ಅಂತಲೇ ಹೇಳುತ್ತಾರೆ, ಸತ್ತವರ ಬಗ್ಗೆ ಮೊಮ್ಮಗನ ಮುಂದೆ ಇನ್ನೇನು ಹೇಳುತ್ತಾರೆ ಪಾಪ. ಕೆಲಸದ ಬಗ್ಗೆ ಕೇಳಿ. ಎತ್ತಿಗೆ ಏನು ಹೆಸರಿತ್ತು, ಯಾವ ಸಂತೆಯಲ್ಲಿ ತಂದರು, ಜೋಡಿ ಕೂಡಿ ಬರದಿದ್ದಾಗ ಯಾರ ಎತ್ತು ತಂದು ಹೂಡಿದರು, ಬಿತ್ತುವಾಗ ಕೂರಿಗೆಗೆ ಬೀಜ ಬಿಡುತ್ತಿದ್ದವರು ಯಾರು, ಕಣದಲ್ಲಿ ಊರ ಕೆಲಸ ಮಾಡಿಕೊಡುವ ಯಾವ ಆಯಗಾರರಿಗೆ ಎಷ್ಟು ಜೋಳ ಅಳೆದು ಕೊಡುತ್ತಿದ್ದರು, ಯಾರ ಜೊತೆ ಮಾತು ಬಿಟ್ಟಿದ್ದರು, ಯಾವ ಬದುವಿಗೆ ಜಗಳ ಬಂತು. ಹಂತಿ ಕಟ್ಟಿದ ರಾತ್ರಿಯ ಬಗ್ಗೆ, ಅಂದರೆ ಎತ್ತುಗಳಿಂದ ತೆನೆ ತುಳಿಸಿ ರಾಶಿ ಮಾಡಿದ ರಾತ್ರಿಯ ಬಗ್ಗೆ, ತಪ್ಪದೇ ಕೇಳಿ. ಈಗ ರಸ್ತೆ ಮೇಲೆ ಹರವಿ ಇಲ್ಲವೇ ಮಷಿನ್‌ಗೆ ಹಾಕಿ ರಾಶಿ ಮಾಡುತ್ತೇವೆ. ಆಗ ಕಣದ ನಡುವಿನ ಮೇಟಿ ಕಂಬದ ಸುತ್ತ ಎತ್ತು ತಿರುಗಿಸುತ್ತ ಚಳಿಯಲ್ಲಿ ಬೆಳಗಾಗುವವರೆಗೆ ಹಂತಿ ಪದ ಹೇಳುತ್ತಿದ್ದರು. ನಿಮ್ಮಜ್ಜ ಮುಂದೆ ಹೇಳುತ್ತಿದ್ದರೋ ಹಿಂದೆ ಸೊಲ್ಲು ಹಿಡಿಯುತ್ತಿದ್ದರೋ? ಆ ಒಂದು ವಿಷಯ ತಿಳಿದರೂ ನಿಮ್ಮ "ಸರಳ ಜೀವಿ"ಗಿಂತ ಜಾಸ್ತಿ ತಿಳಿದ ಹಾಗೆ.

ಊರಿನ ಸೊಸಾಯಿಟಿಗೂ ಹೋಗಿ. ಈ ವಿಷಯದಲ್ಲಿ ನಿಮ್ಮ ಜಿಲ್ಲೆ ಬಹಳ ಹಳೆಯದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾದದ್ದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರರ ಬಡ್ಡಿಯಲ್ಲಿ ಮುಳುಗುತ್ತಿದ್ದ ಒಕ್ಕಲು ಮಂದಿ ತಾವೇ ಶೇರು ಹಾಕಿ ತಾವೇ ಸಾಲ ಕೊಟ್ಟುಕೊಂಡ ಜಾಗ ಅದು. ಆಮೇಲೆ ಸುತ್ತಲಿನ ಊರುಗಳಲ್ಲೂ ಇಂಥ ಸಂಘಗಳು ಬಂದವು. ನಿಮ್ಮೂರಿನ ಸಂಘದಲ್ಲಿ ಹಳೆಯ ಸದಸ್ಯರ ಪುಸ್ತಕ, ಸಾಲದ ಖಾತೆ, ಠರಾವು ಪುಸ್ತಕ ಉಳಿದಿರಬಹುದು. ಕಾರ್ಯದರ್ಶಿಯವರನ್ನು ಕೇಳಿಕೊಂಡು, ಅವರ ಎದುರೇ ಕೂತು ನೋಡಿ. ಅಜ್ಜ ಯಾವ ವರ್ಷ ಎತ್ತಿಗೆ ಸಾಲ ತೆಗೆದರು, ಯಾರು ಜಾಮೀನು ನಿಂತರು, ಎಷ್ಟು ವರ್ಷಕ್ಕೆ ತೀರಿಸಿದರು, ಇದೆಲ್ಲ ಅಲ್ಲಿ ಇದ್ದರೆ ಇರುತ್ತದೆ. ಜಾಮೀನು ನಿಂತವರ ಹೆಸರು ಮುಖ್ಯ. ಆ ಮನೆಗೆ ಮೊದಲು ಹೋಗಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನಮ್ಮ ಅಟ್ಟದ ಮೇಲೆ ಒಂದು ಕಂದೀಲು ಇತ್ತು. ಅದರ ಹಿಡಿಕೆಗೆ ಹತ್ತು ಮಾರಿನ ಹಗ್ಗ ಕಟ್ಟಿತ್ತು. ಯಾಕೆ ಅಷ್ಟು ಉದ್ದ ಹಗ್ಗ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಅಟ್ಟ ಬಳಿದು ಹಳೆ ಸಾಮಾನಿನವನಿಗೆ ಕೊಡೋದಕ್ಕೆ ಅಂಗಳದಲ್ಲಿ ಎಲ್ಲ ಗುಡ್ಡೆ ಹಾಕಿದ್ದೆವು. ದಾರಿಯಲ್ಲಿ ಹೋಗುತ್ತಿದ್ದ ಬಡಿಗೇರ ಓಣಿಯ ಅಜ್ಜರೊಬ್ಬರು ನಿಂತರು. "ತಂಗಿ, ಆ ಕಂದೀಲ ಅಷ್ಟ ಕೊಡಬ್ಯಾಡವಾ" ಅಂದರು. ಕಟ್ಟೆ ಮೇಲೆ ಕೂತು ಹೇಳಿದರು.

ಆಗೆಲ್ಲ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿದ ಕಣಜ ಅದು, ಒಳಗೆ ಸುತ್ತ ಒಣದಂಟಿನ ಸೊಪ್ಪಿ ಕೊಟ್ಟು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಬಳಿಯುತ್ತಿದ್ದರು. ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಮುಚ್ಚಿದ ಕಾಳಿನ ಕಾವಿಗೆ ಒಳಗಿನ ಗಾಳಿ ಕೆಟ್ಟಿರುತ್ತಿತ್ತು. ಕಲ್ಲು ಸರಿಸಿ, ಬಾಯಿ ಬಿಟ್ಟು, ಗಾಳಿ ಆಡೋದಕ್ಕೆ ಕಾಯಬೇಕು. ಆಮೇಲೆ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯೋ ಹಾಗಿಲ್ಲ. ಒಂದು ವರ್ಷ, ನಮ್ಮಜ್ಜನಿಗೆ ಆಗಿನ್ನೂ ಮದುವೆ ಆಗಿರಲಿಲ್ಲವಂತೆ, ಊರಲ್ಲಿ ಯಾರದೋ ಹಗೇವು ತೆಗೆದಾಗ ಒಬ್ಬ ಹುಡುಗ ಅವಸರ ಮಾಡಿ ಇಳಿದ. ಮೇಲೆ ಬಂದದ್ದು ಅವನ ಹೆಣ. ಹಗ್ಗ ಎಳೆದವರಲ್ಲಿ ಅಜ್ಜ ಒಬ್ಬರು. ಅದಾದ ಮೇಲೆ ಊರಲ್ಲಿ ಯಾರ ಹಗೇವು ತೆಗೆದರೂ, ಕರೆಯಲಿ ಬಿಡಲಿ, ಅಜ್ಜ ತಮ್ಮ ಕಂದೀಲು ಹಿಡಿದು ಹೋಗುತ್ತಿದ್ದರಂತೆ. ತಾವೇ ಇಳಿಬಿಡುತ್ತಿದ್ದರು. ಅದು ಉರಿಯುತ್ತಲೇ ಮೇಲೆ ಬರೋವರೆಗೆ ಬಾಯಿ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಇದಕ್ಕಾಗಿ ಕೆಲವರ ಬೈಗುಳವನ್ನೂ ತಿಂದಿದ್ದಾರೆ, ಹೊತ್ತು ಹೋಗುತ್ತದೆ ಅಂತ.

ನಮ್ಮಪ್ಪನಿಗೂ ಈ ಸಂಗತಿ ಗೊತ್ತಿರಲಿಲ್ಲ. ಅಜ್ಜ ಒಂದು ದಿನವೂ ಮನೆಯಲ್ಲಿ ಆಡಿಲ್ಲ. ಆ ಬಡಿಗೇರ ಅಜ್ಜ ಅವತ್ತು ಬೇರೆ ಓಣಿಯಿಂದ ಹೋಗಿದ್ದರೆ ಕಂದೀಲು ತೂಕಕ್ಕೆ ಹೋಗುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಒಂದು ವಾರ ರಜೆ ಹಾಕಿ ಊರಿಗೆ ಹೋಗಿ. ಹೋಗೋ ಮೊದಲು ಆ ಒಂದು ಪುಟ ತೆಗೆದು ಇಟ್ಟುಬಿಡಿ.

ಪ್ರಶ್ನೆ: ನಮ್ಮಜ್ಜನ ಹುಟ್ಟಿದ ವರ್ಷವೇ ತಿಳಿಯುತ್ತಿಲ್ಲ. ಶಾಲೆಯ ದಾಖಲೆಯಲ್ಲಿ 1942ರ ಜೂನ್ 1 ಅಂತ ಇದೆ. ಅಜ್ಜನ ಅಕ್ಕ ಇನ್ನೂ ಇದ್ದಾರೆ, ಅವರು "ತಾರಣ ಸಂವತ್ಸರ, ಸೀಗಿ ಹುಣ್ಣಿಮೆ ಮುಂದ ಹುಟ್ಯಾನ" ಅನ್ನುತ್ತಾರೆ. ಯಾವುದನ್ನು ಬರೆಯಲಿ? (ಗದಗ)

ಉತ್ತರ: ಅಜ್ಜನ ಅಕ್ಕನ ಮಾತನ್ನು ಬರೆಯಿರಿ. ಜೂನ್ 1 ಅನ್ನೋದು ನಮ್ಮ ಕಡೆ ಅರ್ಧ ಊರಿನವರ ಹುಟ್ಟಿದ ದಿನ. ಮಗುವಿನ ಕೈ ತಲೆ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟುತ್ತದಾ ಅಂತ ನೋಡಿ, ಮುಟ್ಟಿದರೆ ಮಾಸ್ತರರು ತಾವೇ ಒಂದು ತಾರೀಖು ಬರೆದು ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು.

ಸಂವತ್ಸರದ ಲೆಕ್ಕ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ತಾರಣ ಅಂದರೆ 1944ರ ಯುಗಾದಿಯಿಂದ 1945ರ ಯುಗಾದಿವರೆಗೆ. ಅದೇ ಹೆಸರು ಮತ್ತೆ ಬಂದದ್ದು 2004ರಲ್ಲಿ, ಹಾಗಾಗಿ ಗೊಂದಲ ಆಗೋದಿಲ್ಲ. ಸೀಗಿ ಹುಣ್ಣಿಮೆ ಮುಂದೆ ಅಂದರೆ 1944ರ ಅಕ್ಟೋಬರ್ ಆಸುಪಾಸು.

ಗಟ್ಟಿ ಮಾಡಿಕೊಳ್ಳಬೇಕಾದರೆ ಆ ಅಜ್ಜಿಗೆ ಇನ್ನೊಂದು ಪ್ರಶ್ನೆ ಹಾಕಿ. ಗಾಂಧೀಜಿ ಸತ್ತ ಸುದ್ದಿ ಊರಿಗೆ ಬಂದಾಗ ತಮ್ಮ ಎಷ್ಟಿದ್ದ ಅಂತ. ಅದು 1948ರ ಜನವರಿ. "ನನ್ನ ಬಗಲಾಗ ಇದ್ದ" ಅಂದರೆ ಮೂರು ವರ್ಷದ ಕೂಸು, ಲೆಕ್ಕ ಕೂಡುತ್ತದೆ. ಓಡಾಡಿಕೊಂಡು ಶಾಲೆಗೆ ಹೊರಟಿದ್ದ ಅಂದರೆ ಶಾಲೆಯ ದಾಖಲೆಯೇ ಹತ್ತಿರ. ಉಳಿದ ಘಟನೆಗಳಿಗೂ ಹೀಗೇ ಗೂಟ ಹುಡುಕಿಕೊಳ್ಳಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8. ನಾವು ಮುಂಬೈ ಸರಕಾರದ ಕೈಯಿಂದ ಈ ಕಡೆ ಬಂದದ್ದು 1956ರ ನವೆಂಬರ್ 1. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1. ದೊಡ್ಡ ಬರ 1972ರದ್ದು. ಧಾರವಾಡದ ವರಲಕ್ಷ್ಮಿ ಹತ್ತಿ ತಳಿ ಹೊರಬಂದದ್ದೂ ಅದೇ ವರ್ಷ. "ಸೋಬಾನೆ ದಿನ ಆಣೆ ಹಾಕಿದ್ದರೋ ಪೈಸೆ ಹಾಕಿದ್ದರೋ" ಅಂತ ಕೇಳಿದರೆ ಮದುವೆ ಯಾವ ಕಾಲದ್ದು ಅಂತ ಅಂದಾಜು ಸಿಗುತ್ತದೆ.

ಒಂದು ಮಾತು ನೆನಪಿರಲಿ. ಗದಗ, ಹಾವೇರಿ 1997ರವರೆಗೆ ಬೇರೆ ಜಿಲ್ಲೆ ಆಗಿರಲಿಲ್ಲ. ಹಳೆಯ ಕಾಗದದಲ್ಲಿ ಎಲ್ಲ ಧಾರವಾಡ ಜಿಲ್ಲೆ ಅಂತಲೇ ಇರುತ್ತದೆ. ಇನ್ನೂ ಹಳೆಯದು ಕೆಲವು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಸಿಗುತ್ತವೆ. ಓದಲು ಬರೋದಿಲ್ಲ ಅಂತ ಎಸೆಯಬೇಡಿ, ಓದುವವರು ಧಾರವಾಡದಲ್ಲಿ ಇನ್ನೂ ಸಿಗುತ್ತಾರೆ.

ಪ್ರಶ್ನೆ: ಇದನ್ನು ಕೇಳಲೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ನಮ್ಮಜ್ಜನಿಗೆ ನಲವತ್ತು ಎಕರೆ ಕಪ್ಪು ಮಣ್ಣಿನ ಎರಿ ಹೊಲ ಇತ್ತು. ಮನೆಯಲ್ಲಿ ಒಬ್ಬರು ಜೀತಕ್ಕೆ ಇದ್ದರು. ದನದ ಮನೆಯಲ್ಲೇ ಮಲಗುತ್ತಿದ್ದರು. ಅವರ ಚಹಾದ ಕಪ್ಪು ಬಸಿ ಹೊರಗಿನ ಗೋಡೆಯ ಮಾಡದಲ್ಲಿ ಬೇರೆ ಇರುತ್ತಿತ್ತು, ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಅಜ್ಜ ನನ್ನನ್ನು ಬಹಳ ಪ್ರೀತಿಯಿಂದ ಬೆಳೆಸಿದರು. ಅವರ ಬಗ್ಗೆ ಬರೆಯುವಾಗ ಇದನ್ನು ಬರೆಯಬೇಕಾ? ಅಣ್ಣಂದಿರು ಬೇಡ ಅನ್ನುತ್ತಾರೆ. (ಧಾರವಾಡ ಜಿಲ್ಲೆ)

ಉತ್ತರ: ಬರೆಯಬೇಕು ತಂಗಿ. ನೀವು ಈ ಪತ್ರ ಬರೆದದ್ದೇ ಆ ಕಪ್ಪು ಬಸಿ ಇನ್ನೂ ನಿಮ್ಮ ಕಣ್ಣ ಮುಂದೆ ಇರೋದರಿಂದ.

ಅಜ್ಜನನ್ನು ಕೆಟ್ಟವರು ಅಂತ ತೀರ್ಪು ಕೊಡಿ ಅಂತ ನಾನು ಹೇಳುತ್ತಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ. ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋದವರೂ ಅವರೇ, ಆ ಕಪ್ಪು ಬಸಿ ಹೊರಗಿಟ್ಟವರೂ ಅವರೇ. ಎರಡೂ ಒಂದೇ ಪುಟದಲ್ಲಿ ಇರಲಿ. ಜೀತ ಪದ್ಧತಿ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ನಿಮ್ಮ ಮನೆಯಲ್ಲಿ ಅವರು ಯಾವ ವರ್ಷದವರೆಗೆ ಇದ್ದರು, ಎಷ್ಟು ಸಾಲಕ್ಕೆ ಬಂದರು, ಆ ಸಾಲ ತೀರಿತಾ, ಯಾರು ತೀರಿತು ಅಂತ ಹೇಳಿದರು, ಇದನ್ನು ಅಣ್ಣಂದಿರಿಗೇ ಕೇಳಿ.

ಒಂದು ಸಾಲು ಮಾತ್ರ ಬರೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. "ಅವರನ್ನು ಮನೆ ಮಗನ ಹಾಗೆ ನೋಡಿಕೊಂಡರು" ಅನ್ನೋದು. ಮನೆ ಮಕ್ಕಳಿಗೆ ನಲವತ್ತು ಎಕರೆಯಲ್ಲಿ ಪಾಲು ಬಂತು. ಅವರಿಗೆ ಏನು ಬಂತು ಅನ್ನೋದನ್ನು ತಿಳಿದುಕೊಂಡು ಅದನ್ನು ಬರೆಯಿರಿ.

ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ಹುಡುಕಿ ಹೋಗಿ. ಕ್ಷಮೆ ಕೇಳಲು ಹೋದ ಹಾಗೆ ಗದ್ದಲ ಮಾಡಿಕೊಂಡು ಹೋಗಬೇಡಿ, ಅದೂ ಅವರಿಗೆ ಭಾರವೇ. ಹೀಗೆ ಬರೆಯುತ್ತಿದ್ದೇನೆ, ನಿಮ್ಮ ಅಜ್ಜನ ಹೆಸರು ಹಾಕಬಹುದಾ, ಹಾಕಿದರೆ ಏನು ಹೇಳಬೇಕು ಅಂತ ಕೇಳಿ. ಬೇಡ ಅಂದರೆ ಬಿಡಿ. ಮಾತಾಡಲು ಒಪ್ಪಿದರೆ ಅವರು ಹೇಳಿದ್ದನ್ನು ನಿಮ್ಮ ಮಾತಿಗೆ ಇಳಿಸದೆ, ಅವರ ಮಾತಲ್ಲೇ ಬರೆದುಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ. ಅಣ್ಣಂದಿರಿಗೆ ಆಮೇಲೆ ಓದಿದರಾಯಿತು.

ಪ್ರಶ್ನೆ: ಎಲ್ಲರೂ ಅಜ್ಜನ ಹೊಲ, ಅಜ್ಜನ ಎತ್ತು ಅಂತಾರೆ. ನಮ್ಮಜ್ಜನಿಗೆ ಹೊಲವೂ ಇರಲಿಲ್ಲ ಎತ್ತೂ ಇರಲಿಲ್ಲ. ಮೊದಲು ಬೇರೆಯವರ ಹೊಲದಲ್ಲಿ ದುಡಿದರು, ಆಮೇಲೆ ಬ್ಯಾಡಗಿ ಪೇಟೆಯಲ್ಲಿ ಹಮಾಲಿ ಮಾಡಿದರು. ಒಂದು ಫೋಟೋ ಕೂಡ ಇಲ್ಲ. ಏನಂತ ಬರೆಯಲಿ? (ಹಾವೇರಿ ಜಿಲ್ಲೆ)

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ನಿಮ್ಮದು. ಬ್ಯಾಡಗಿ ಮೆಣಸಿನಕಾಯಿ ಅಂದರೆ ಡಬ್ಬಿ, ಕಡ್ಡಿ ಅಂತ ಎರಡು ಬಗೆ, ಕಡು ಕೆಂಪು, ಕಡಿಮೆ ಖಾರ, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು ಅಂತೆಲ್ಲ ಬರೆಯುವವರು ಬಹಳ ಮಂದಿ ಇದ್ದಾರೆ. ಅದರ ಬಣ್ಣ ತೆಗೆದು ತುಟಿಯ ಬಣ್ಣಕ್ಕೂ ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆ ಚೀಲ ಹೊತ್ತವರ ಬೆನ್ನಿನ ಬಗ್ಗೆ ಬರೆದವರು ಕಡಿಮೆ.

ಫೋಟೋ ಇಲ್ಲ ಅನ್ನೋದಕ್ಕೆ ಕೊರಗಬೇಡಿ. ಅವರ ಮೈ ಹೇಗಿತ್ತು ಅಂತ ಬರೆಯಿರಿ. ಯಾವ ಹೆಗಲು ಇಳಿದಿತ್ತು? ಮನೆಗೆ ಬಂದಾಗ ಅಂಗಿಯ ಘಾಟಿಗೆ ನೀವು ಸೀನುತ್ತಿದ್ದಿರಾ? ಕಣ್ಣು ಉರಿಯದಿರಲಿ ಅಂತ ಅಜ್ಜಿ ಏನು ಮಾಡುತ್ತಿದ್ದರು? ಊಟದ ಮೊದಲು ಕೈ ಎಷ್ಟು ಸಲ ತೊಳೆಯುತ್ತಿದ್ದರು, ಕೂಸನ್ನು ಎತ್ತಿಕೊಳ್ಳುವ ಮೊದಲು ಏನು ಮಾಡುತ್ತಿದ್ದರು? ಪೇಟೆಗೆ ಹೋಗಿ ವಯಸ್ಸಾದ ಹಮಾಲರ ಜೊತೆ ಚಹಾ ಕುಡಿಯಿರಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಅವ್ವಂದಿರನ್ನೂ ಮಾತಾಡಿಸಿ, ಯಾರ ಗುರುತು ಯಾರಿಗೆ ಇರುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು.

ಕಾಗದ ಏನೂ ಇಲ್ಲ ಅಂದಿದ್ದೀರಿ. ಹಳೆಯ ರೇಷನ್ ಕಾರ್ಡ್, ಮತದಾರರ ಪಟ್ಟಿ, ನಿಮ್ಮಪ್ಪನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗ ಅನ್ನೋ ಕಡೆ ಏನು ಬರೆದಿದ್ದಾರೆ, ನೋಡಿ. ಇನ್ನೊಂದು ಇದೆ. ಅಜ್ಜ ಬೇರೆಯವರ ಹೊಲವನ್ನು ಲಾವಣಿಯಿಂದಲೋ (ಗೇಣಿಗೆ) ಪಾಲಿನಿಂದಲೋ ಮಾಡಿದ್ದರಾ? ಹಾಗಿದ್ದರೆ 1974ರ ಭೂಸುಧಾರಣೆ ಕಾನೂನು ಬಂದಾಗ ಉಳುವ ಹೊಲ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಏಳನೇ ನಂಬರಿನ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟಿರಬಹುದು. ಆ ಅರ್ಜಿ ತಾಲ್ಲೂಕು ಕಚೇರಿಯ ಹಳೆಯ ದಾಖಲೆಯಲ್ಲಿ ಇದ್ದರೆ ನಕಲು ಕೇಳಿ. ಕೊಟ್ಟಿದ್ದರೆ ಏನಾಯಿತು, ಕೊಡದಿದ್ದರೆ ಯಾಕೆ ಕೊಡಲಿಲ್ಲ, ಯಾರಿಗೆ ಅಂಜಿದರು? ಹೊಲ ಯಾಕೆ ಇರಲಿಲ್ಲ ಅನ್ನೋದೂ ಅವರ ಬದುಕಿನ ಕತೆಯೇ, ಅದನ್ನು ಬಿಡಬೇಡಿ.

ಪ್ರಶ್ನೆ: ನವಲಗುಂದದ ರೈತ ಬಂಡಾಯದಲ್ಲಿ ತಾವೂ ಇದ್ದೆವು ಅಂತ ಅಜ್ಜ ಹೇಳುತ್ತಿದ್ದರು. ನಾನು ಓದಿದ ಯಾವ ಬರಹದಲ್ಲೂ ಅವರ ಹೆಸರಿಲ್ಲ. ನಿಜ ಅಂತ ಹೇಗೆ ತಿಳಿಯೋದು?

ಉತ್ತರ: 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಸೇರಿದವರು ಸಾವಿರಾರು ಮಂದಿ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಹತ್ತದಿದ್ದರೂ ಅಭಿವೃದ್ಧಿ ಕರ ಕಟ್ಟಿ ಅಂತ ಬೆನ್ನು ಹತ್ತಿದ್ದಕ್ಕೆ ಎದ್ದ ಸಿಟ್ಟು ಅದು. ಗೋಲಿಬಾರ್ ಆಯಿತು, ರೈತರ ಜೀವ ಹೋಯಿತು. ಈಗಲೂ ಪ್ರತಿ ವರ್ಷ ಆ ದಿನ ವೀರಗಲ್ಲಿಗೆ ಮಾಲೆ ಹಾಕುತ್ತಾರೆ. ಪುಸ್ತಕದಲ್ಲಿ ಹೆಸರು ಬರೋದು ಹತ್ತು ಮಂದಿಯದ್ದು. ಉಳಿದವರೆಲ್ಲ ಚಕ್ಕಡಿಯಲ್ಲಿ, ಟ್ರ್ಯಾಕ್ಟರ್‌ನಲ್ಲಿ, ನಡೆದುಕೊಂಡು ಬಂದು ಹೋದವರು.

ಅಜ್ಜ ಯಾರ ಜೊತೆ ಹೋದರು, ಯಾವುದರಲ್ಲಿ ಹೋದರು, ಬುತ್ತಿ ಏನು ಕಟ್ಟಿಕೊಂಡಿದ್ದರು, ಸಂಜೆ ಯಾವ ದಾರಿಯಿಂದ ಮನೆಗೆ ಬಂದರು ಅಂತ ಜೊತೆಗಿದ್ದವರನ್ನು ಬೇರೆ ಬೇರೆಯಾಗಿ ಕೇಳಿ. ಇಬ್ಬರ ಮಾತು ಕೂಡಿ ಬಂದರೆ ಬರೆಯಿರಿ. ಬರಲಿಲ್ಲ ಅಂದರೆ "ಅಜ್ಜ ಹೀಗೆ ಹೇಳುತ್ತಿದ್ದರು" ಅಂತ ಬರೆಯಿರಿ, ಅದರಲ್ಲೂ ತಪ್ಪಿಲ್ಲ. ಮುಂದಿನ ಜುಲೈ 21ಕ್ಕೆ ಅಲ್ಲಿಗೆ ಹೋಗಿ ನಿಂತರೆ ನಿಮಗೆ ಬೇಕಾದವರು ಅಲ್ಲೇ ಸಿಗುತ್ತಾರೆ.

ಪ್ರಶ್ನೆ: ಮಕ್ಕಳಿಗೆ ಮುತ್ತಜ್ಜನ ಕಾಲದ ಹಳ್ಳಿ ತೋರಿಸಬೇಕು. ಎಲ್ಲಿಗೆ ಕರೆದುಕೊಂಡು ಹೋಗಲಿ? (ಹುಬ್ಬಳ್ಳಿ)

ಉತ್ತರ: ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಮನೆ, ದನ, ಒಕ್ಕಲುತನದ ಕೆಲಸಗಳನ್ನು ಆಳೆತ್ತರದ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ, ಮಕ್ಕಳಿಗೆ ಇಷ್ಟವಾಗುತ್ತದೆ. ಎಳ್ಳಮಾವಾಸ್ಯೆಗೆ ಮಾತ್ರ ನಿಮ್ಮ ಸ್ವಂತ ಹೊಲಕ್ಕೇ ಕರೆದುಕೊಂಡು ಹೋಗಿ. ಹೊಲ ಮಾರಿದ್ದರೆ ಈಗಿನ ಮಾಲೀಕರನ್ನು ಕೇಳಿ, ಹೊಲಕ್ಕೆ ಎಡೆಯ ಚರಗ ಚೆಲ್ಲೋದಕ್ಕೆ ಬರುತ್ತೇವೆ ಅಂದರೆ ನಮ್ಮ ಕಡೆ ಬೇಡ ಅನ್ನುವವರು ಯಾರೂ ಇಲ್ಲ. ಭಾರತ ಹುಣ್ಣಿಮೆ ಮುಂದೆ ಧಾರವಾಡದ ರಸ್ತೆಯಲ್ಲಿ ಉಳವಿ ಜಾತ್ರೆಗೆ ಹೊರಟ ಚಕ್ಕಡಿಗಳ ಸಾಲನ್ನೂ ತೋರಿಸಿ.

ಪ್ರಶ್ನೆ: ಅಜ್ಜನ ಬಗ್ಗೆ ಎಲ್ಲ ಗೊತ್ತಿರೋದು ಅಜ್ಜಿಗೆ. ಆದರೆ ಮೊಬೈಲ್ ಮುಂದೆ ಹಿಡಿದು ಕೇಳಿದರೆ "ಏನೈತಿ ಹೇಳೂದು, ಬಾಳೇ ಮಾಡಿದ್ವಿ" ಅಂತ ಎದ್ದು ಹೋಗುತ್ತಾರೆ. ಅಜ್ಜಿಗೆ ಎಂಬತ್ತೆಂಟು. ಹೊತ್ತು ಮೀರುತ್ತಿದೆ ಅಂತ ನನಗೆ ಭಯ. (ಗಜೇಂದ್ರಗಡ)

ಉತ್ತರ: ಮೊದಲು ಮೊಬೈಲ್ ಕೆಳಗಿಡಿ. ಆಮೇಲೆ ಒಂದು ಮಾತು ಯೋಚಿಸಿ. ಎಪ್ಪತ್ತು ವರ್ಷ ಆ ಮನೆಯಲ್ಲಿ ಇದ್ದವರ ಹತ್ತಿರ ಹೋಗಿ ನೀವು ಕೇಳುತ್ತಿರೋದು ಇನ್ನೊಬ್ಬರ ಬಗ್ಗೆ. ಬಿತ್ತುವಾಗ ಕೂರಿಗೆ ಹಿಡಿದವರ ಹಿಂದೆ ಬೀಜ ಬಿಡುತ್ತ ನಡೆದವರು, ಸದಿ (ಕಳೆ) ತೆಗೆದವರು, ಹತ್ತಿ ಬಿಡಿಸಿದವರು, ನಸುಕಿನಲ್ಲಿ ಎದ್ದು ಹತ್ತು ಮಂದಿಗೆ ರೊಟ್ಟಿ ಬಡಿದು ಬುತ್ತಿ ಹೊತ್ತು ಹೊಲಕ್ಕೆ ಹೋದವರು ಅವರು. ಅವರನ್ನೇ ಕೇಳಿ. ಮದುವೆಯಾಗಿ ಈ ಊರಿಗೆ ಬಂದ ದಿನ ನೀರಿಗೆ ಎಷ್ಟು ದೂರ ಹೋಗಬೇಕಿತ್ತು, ಬೀಸುವಾಗ ಜೊತೆಗೆ ಯಾರು ಕೂರುತ್ತಿದ್ದರು, ಯಾವ ಪದ ಹೇಳುತ್ತಿದ್ದರು, ತವರಿ‍ಗೆ ಪಂಚಮಿಗೆ ಕಳಿಸದ ವರ್ಷ ಯಾವುದು. ಕಳಿಸದವರು ಯಾರು ಅಂತ ಅವರೇ ಹೇಳುತ್ತಾರೆ. ಅಜ್ಜ ಆ ಮಾತಿನಲ್ಲಿ ತಾವಾಗಿ ಬಂದು ಹೋಗುತ್ತಾರೆ, ನೀವು ಕರೆಯಬೇಕಾಗಿಲ್ಲ.

ಎದುರು ಕೂತು ಕೇಳಬೇಡಿ. ಜೋಳ ಹಸನ ಮಾಡುವಾಗಲೋ ಶೇಂಗಾ ಒಡೆಯುವಾಗಲೋ ಪಕ್ಕ ಕೂತು ನೀವೂ ಕೈ ಹಚ್ಚಿ. ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆ ಹಾಕಬೇಡಿ. ನಾಲ್ಕು ದಿನ ಹೀಗೆ ಕಳೆದ ಮೇಲೆ, "ಅಜ್ಜಿ, ನೀನು ಹೇಳೋದು ಮರೆತುಹೋಗುತ್ತದೆ, ಇದನ್ನು ಹಚ್ಚಿ ಇಡಲಾ?" ಅಂತ ಕೇಳಿ. ಹೂಂ ಅಂದರೆ ಮೊಬೈಲನ್ನು ಮೊರದ ಮಗ್ಗುಲಿಗೆ ಮಲಗಿಸಿಡಿ. ರೊಟ್ಟಿ ಬಡಿಯುವ ಸಪ್ಪಳ, ಕೋಳಿ ಕೂಗು ಎಲ್ಲ ಅದರಲ್ಲಿ ಸೇರಲಿ. ಅವತ್ತೇ ರಾತ್ರಿ ಇನ್ನೊಂದು ಕಡೆ ನಕಲು ಮಾಡಿ, ಮೇಲೆ ತಾರೀಖು ಬರೆಯಿರಿ.

ಆಮೇಲೆ ನನಗೊಂದು ಕಾಗದ ಹಾಕಿ. ಅಜ್ಜಿ ಯಾವ ಪದ ಹೇಳಿದರು ಅಂತ ತಿಳಿಯುವ ಆಸೆ ನನಗಿದೆ.